ನಡುದಾರಿಯ ಊರು

ಹುಬ್ಬಳ್ಳಿಯಿಂದ ಹೊರಟ ರೈಲು ಗದಗಿನಲ್ಲಿ ಉತ್ತರಕ್ಕೆ ಹೊರಳಿ ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ವಿಜಯಪುರ, ಇಂಡಿ ರೋಡ್ ದಾಟಿ ಸೊಲ್ಲಾಪುರ ಮುಟ್ಟುತ್ತದೆ. ಈ ಹಾದಿಯ ಒಂದು ತುದಿಗೆ ನನ್ನ ಮನೆ, ಇನ್ನೊಂದು ತುದಿಗೆ ಅಕ್ಕನ ಮನೆ. ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಾಗ ಇದು ಮೀಟರ್ ಗೇಜ್ ಹಾದಿಯಾಗಿತ್ತು. ಕಿಟಕಿಯಿಂದ ನುಗ್ಗುವ ಎರೆಮಣ್ಣಿನ ಧೂಳಿಗೆ ಮುಖದ ತುಂಬ ಸೆರಗು ಹೊದ್ದುಕೊಂಡು, ಹಳ್ಳಿಹಳ್ಳಿಗೂ ನಿಂತು ಬರುವ ಗಾಡಿಯಲ್ಲಿ ಅವಳು ತವರಿಗೆ ಬರುತ್ತಿದ್ದಳು. ಈಗ ಬ್ರಾಡ್‌ಗೇಜ್ ಆಗಿದೆ, ಗಾಡಿಗಳು ಹೆಚ್ಚಾಗಿವೆ, ಇಬ್ಬರ ಕೈಯಲ್ಲೂ ಮೊಬೈಲ್ ಇದೆ. ಆದರೂ ನಾವಿಬ್ಬರೇ ಕೂತು ಮಾತಾಡಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ತಟ್ಟನೆ ಹೇಳಲು ಬರುವುದಿಲ್ಲ.

ಭೇಟಿಯೇ ಆಗುವುದಿಲ್ಲ ಅಂತಲ್ಲ. ಮದುವೆ, ಕುಬಸ, ತೊಟ್ಟಿಲು, ವಾಸ್ತುಶಾಂತಿ, ಯಾರದೋ ಮಣ್ಣು ಎಂದು ವರ್ಷವಿಡೀ ಏನಾದರೂ ಒಂದು ಇದ್ದೇ ಇರುತ್ತದೆ. ಅಲ್ಲಿ ಅಕ್ಕ ಬೀಗರ ನಡುವೆ, ನಾನು ಪಂಕ್ತಿಯ ನಡುವೆ. "ಬಂದ್ಯಾ? ಉಂಡ್ಯಾ? ಹುಡುಗರು ಹ್ಯಾಂಗದಾರ?" ಇಷ್ಟಕ್ಕೆ ಮಾತು ಮುಗಿಯುತ್ತದೆ. ಅವಳು ನನ್ನ ಮನೆಗೆ ಬಂದರೂ ನನ್ನ ಹೆಂಡತಿಗೆ ನಾದಿನಿ, ಮಕ್ಕಳಿಗೆ ಅತ್ತೆ; ನಾನು ಅವಳ ಮನೆಗೆ ಹೋದರೆ ಮಾವನವರಿಗೆ ಭಾವಮೈದುನ, ಮಕ್ಕಳಿಗೆ ಸೋದರಮಾವ. ಬರಿಯ ಅಕ್ಕ, ಬರಿಯ ತಮ್ಮ ಆಗಿರಲು ಎರಡೂ ಮನೆಯಲ್ಲಿ ಜಾಗವೇ ಇಲ್ಲ. ಮೊದಲು ಅದಕ್ಕೊಂದು ಜಾಗ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬವೆಂದರೆ ನಾಗರ ಪಂಚಮಿ. ಶ್ರಾವಣ ಬಂದಿತೆಂದರೆ ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಬೇವಿನ ಟೊಂಗೆಗೆ ಜೋಕಾಲಿ ಬಿಗಿಯಬೇಕು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು ಅಂತ ಡಬ್ಬಿಗಳು ತುಂಬಿರಬೇಕು. ಅವ್ವ ಇರುವವರೆಗೆ ಇದೆಲ್ಲ ನಡೆಯಿತು. ಅವ್ವ ಹೋದ ಮೇಲೆ ಊರ ಮನೆಗೆ ಕೀಲಿ ಬಿತ್ತು. ಅಕ್ಕನನ್ನು ಎಲ್ಲಿಗೆ ಅಂತ ಕರೆಯುವುದು?

ದಾರಿ ಹುಡುಕಿದವಳು ಅವಳೇ. ಫೋನಿನಲ್ಲಿ ಒಂದು ದಿನ, "ನೀ ಅಲ್ಲಿಂದ ಬಾ, ನಾ ಇಲ್ಲಿಂದ ಬರ್ತೀನಿ. ನಡುವ ಬಿಜಾಪುರ ಐತಲ್ಲ, ಗೋಳಗುಮ್ಮಟ ನೋಡೂಣು" ಅಂದಳು. ನೀ ನೋಡಿಲ್ಲೇನು ಎಂದು ಕೇಳಿದ್ದಕ್ಕೆ, "ಸಾಲಿ ಟ್ರಿಪ್ಪಿನಾಗ ಹೋಗಿದ್ದೆ. ಅದು ನೋಡಿದ್ದಲ್ಲ, ಬರೇ ಗದ್ದಲಾ ಕೇಳಿದ್ದು" ಅಂದಳು. ಯಾರೂ ಯಾರಿಗೂ ಅಡುಗೆ ಮಾಡಬೇಕಿಲ್ಲದ, ಯಾರಿಗೂ ಚಹಾ ಇಡಬೇಕಿಲ್ಲದ, ಇಬ್ಬರಿಗೂ ಸೇರದ ಊರು. ಅದಕ್ಕಿಂತ ಒಳ್ಳೆಯ ಜಾಗ ನನಗೂ ಹೊಳೆಯಲಿಲ್ಲ.

ಚಳಿಗಾಲದ ಬೆಳಗಿಗೆ ನನ್ನ ರೈಲು ವಿಜಯಪುರ ಮುಟ್ಟಿತು. ಈ ಊರಿನ ಸ್ಟೇಷನ್ ಕೋಟೆಯ ಪೂರ್ವಕ್ಕಿದೆ. ಇಳಿಯುವ ಮೊದಲೇ ಕಿಟಕಿಯಲ್ಲಿ ಗುಮ್ಮಟ ಕಾಣಿಸುತ್ತದೆ. ನಾನು ಕೃಷ್ಣೆಯನ್ನು ದಾಟಿ ಬಂದಿದ್ದೆ, ಅಕ್ಕ ಭೀಮೆಯನ್ನು ದಾಟಿ ಬಸ್ಸಿನಲ್ಲಿ ಬಂದಳು. ಎರಡು ದೊಡ್ಡ ನದಿಗಳ ನಡುವೆ ಇದ್ದೂ ನೀರಿಗೆ ಕಷ್ಟಪಟ್ಟ ಸೀಮೆ ಇದು. ನಡುವೆ ಹರಿಯುವ ಡೋಣಿಯನ್ನೇ ನಂಬಿ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತ ಬಾಳಿದ ಜನ. ಅಕ್ಕನ ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ಕಡಕ್ ರೊಟ್ಟಿ, ಸೊಲ್ಲಾಪುರದ ಶೇಂಗಾ ಚಟ್ನಿ, ನನಗೆಂದು ಒಂದು ಸೊಲ್ಲಾಪುರ ಚಾದರ. ನಾನು ಧಾರವಾಡ ಪೇಢೆಯ ಡಬ್ಬಿ ಮುಂದೆ ಹಿಡಿದೆ. ಅಡುಗೆ ಇಲ್ಲದ ದಿನ ಎಂದವಳು ಅವಳೇ, ನಸುಕಿನಲ್ಲೆದ್ದು ರೊಟ್ಟಿ ಕಟ್ಟಿಕೊಂಡು ಬಂದವಳೂ ಅವಳೇ.

ಗೋಳಗುಮ್ಮಟಕ್ಕೆ ಬೆಳಿಗ್ಗೆಯೇ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದು ನಿಂತವೆಂದರೆ ಒಳಗಿನ ಪ್ರತಿಧ್ವನಿಗೆ ಉಸಿರಾಡಲೂ ಬಿಡುವು ಸಿಗುವುದಿಲ್ಲ. ಮುಂದಿನ ನಗಾರಖಾನೆಯಲ್ಲಿರುವ ಮ್ಯೂಜಿಯಂ ಇನ್ನೂ ತೆರೆದಿರಲಿಲ್ಲ. ನೇರ ಒಳಗೆ ನಡೆದೆವು. ಮುಹಮ್ಮದ್ ಆದಿಲ್‌ಶಾಹ ಪಟ್ಟಕ್ಕೆ ಬಂದದ್ದು 1627ರಲ್ಲಿ. ತನ್ನ ಗೋರಿಗೆ ತಾನೇ ಕಟ್ಟಿಸತೊಡಗಿದ ಈ ಕಟ್ಟಡ 1656ರ ಸುಮಾರಿಗೆ ಒಂದು ಹಂತಕ್ಕೆ ಬಂತು. ಒಳಗೆ ಸುಮಾರು 18,000 ಚದರ ಅಡಿ ನೆಲ. ಒಂದೇ ಒಂದು ಕಂಬ ಇಲ್ಲ. ಮೇಲಿನ ಗುಮ್ಮಟದ ಹೊರಗಿನ ಅಗಲ 144 ಅಡಿ. ಅಷ್ಟು ಭಾರ ನಿಂತದ್ದು ಹೇಗೆ ಎನ್ನುವುದನ್ನು ನೋಡಬೇಕಾದರೆ ನಡುವೆ ನಿಂತು ಕತ್ತೆತ್ತಬೇಕು. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟರೆ ಎಂಟು ಮೂಲೆ ಏಳುತ್ತವಲ್ಲ, ಆ ಲೆಕ್ಕದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಏರುತ್ತವೆ. ಚೌಕ ಕೋಣೆ ಮೇಲೆ ಹೋಗುತ್ತ ಎಂಟು ಮೂಲೆಯಾಗುತ್ತದೆ, ಎಂಟು ಮೂಲೆ ದುಂಡಗಾಗುತ್ತದೆ, ಗುಮ್ಮಟದ ಭಾರ ಒಳಮುಖವಾಗಿ ಇಳಿದು ಗೋಡೆಗೆ ಸೇರುತ್ತದೆ. ನಾನು ಇದನ್ನೆಲ್ಲ ಕೈಯಾಡಿಸಿ ಹೇಳುತ್ತಿದ್ದರೆ ಅಕ್ಕ ಬಹಳ ಹೊತ್ತು ಮೇಲೆ ನೋಡಿ, "ಬುಟ್ಟಿ ಹೆಣದಂಗ ಹೆಣದಾರ ನೋಡು" ಅಂದಳು. ಆಮೇಲೆ ನಾನು ಹೆಚ್ಚು ಹೇಳಲಿಲ್ಲ. ದಾಭೋಳದ ಯಾಕೂತ್ ಎಂಬ ಶಿಲ್ಪಿಯ ಕೆಲಸಕ್ಕೆ ಅಕ್ಕ ಅಂದದ್ದಕ್ಕಿಂತ ಹತ್ತಿರದ ವಿವರಣೆ ನನ್ನ ಬಳಿ ಇರಲಿಲ್ಲ.

ಮೂಲೆಯ ಗೋಪುರಗಳಿಗೆ ಏಳು ಅಂತಸ್ತು. ಮೆಟ್ಟಿಲುಗಳು ಇಕ್ಕಟ್ಟು, ಎತ್ತರವೂ ಹೆಚ್ಚು. ಅಕ್ಕನ ಮೊಳಕಾಲಿಗೆ ಆಗುವ ಕೆಲಸವಲ್ಲ ಎಂದು ನನ್ನ ಎಣಿಕೆ. ಅವಳು ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಹತ್ತಿದಳು. ಪ್ರತಿ ಅಂತಸ್ತಿನ ಕಿಟಕಿಯ ಬಳಿ ನಿಂತೆವು. ಗಾಳಿ ತಣ್ಣಗೆ ಬರುತ್ತಿತ್ತು. ಒಂದೊಂದು ಕಿಟಕಿಗೂ ಊರು ಒಂದೊಂದು ಆಳು ಕೆಳಗಿಳಿಯುತ್ತ ಹೋಯಿತು. ಮೇಲೆ ಸೂರು ದಾಟಿ, ಗುಮ್ಮಟದ ಬುಡದ ಸಣ್ಣ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಪಿಸುಮಾತಿನ ಗ್ಯಾಲರಿ, ಸುಮಾರು 11 ಅಡಿ ಅಗಲದ ದುಂಡನೆಯ ಹಾದಿ.

ಇಲ್ಲಿಗೆ ಬಂದವರೆಲ್ಲ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಗುಮ್ಮಟ ಅದನ್ನು ಏಳೆಂಟು ಸಲ ತಿರುಗಿಸಿ ಕೊಡುತ್ತದೆ. ಆದರೆ ಈ ಜಾಗದ ದೊಡ್ಡ ಗುಣ ಕೂಗಿನದಲ್ಲ. ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡಿದರೆ ಸದ್ದು ಆ ದುಂಡು ಗೋಡೆಯನ್ನೇ ಹಿಡಿದು ಸಾಗಿ ಎದುರು ಬದಿಗೆ ಮುಟ್ಟುತ್ತದೆ. ನಡುವಿನ ಅಂತರ ನೂರಿಪ್ಪತ್ತು ಅಡಿಗೂ ಮಿಕ್ಕಿ. ಅಕ್ಕನನ್ನು ಈ ಕಡೆ ಕೂಡ್ರಿಸಿ ನಾನು ಸುತ್ತು ಹಾಕಿ ಎದುರಿಗೆ ಹೋಗಿ ಗೋಡೆಗೆ ಕಿವಿ ಕೊಟ್ಟೆ. ಅಲ್ಲಿಂದ ಅವಳು ಹಸಿರು ಸೀರೆಯ ಒಂದು ಚುಕ್ಕೆ ಮಾತ್ರ. ಬಾಯಿ ಅಲ್ಲಾಡಿದ್ದು ಕೂಡ ಕಾಣಲಿಲ್ಲ. ಕಿವಿಯ ಪಕ್ಕದಲ್ಲೇ ಅವಳ ದನಿ ಕೇಳಿತು: "ಬಿಪಿ ಗುಳಿಗಿ ತಗೊಂಡೀಯಿಲ್ಲೊ?"

ತಗೊಂಡಿರಲಿಲ್ಲ. ಅಲ್ಲೇ ಚೀಲದಿಂದ ನೀರಿನ ಬಾಟ್ಲಿ ತೆಗೆದು ಗುಳಿಗೆ ನುಂಗಿದೆ. ಫೋನಿನಲ್ಲಿ ಇದೇ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಾಳೆ, "ಹ್ಞೂಂ, ತಗೋತೀನಿ" ಎಂದು ನಾನು ಮುಂದಿನ ಮಾತಿಗೆ ಹೋಗಿದ್ದೇನೆ. ಆ ಗೋಡೆಯಿಂದ ಬಂದ ಮಾತಿಗೆ ಹಾಗೆ ಹೇಳಲು ಆಗಲಿಲ್ಲ. ನಾನೂ ಗೋಡೆಗೆ ಬಾಯಿ ಹತ್ತಿರ ತಂದು ಅವಳ ಸಕ್ಕರೆ ಕಾಯಿಲೆಯ ಲೆಕ್ಕ ಕೇಳಿದೆ. ಊಟದ ಮೊದಲು ಎಷ್ಟು, ಊಟ ಆದ ಮೇಲೆ ಎಷ್ಟು ಎಂದು ಅವಳು ಒಂದೊಂದನ್ನೂ ಹೇಳಿದಳು. ಮುನ್ನೂರೈವತ್ತಕ್ಕಿಂತ ಹೆಚ್ಚು ವರ್ಷದ ಗೋಡೆ ಒಂದಂಕಿಯನ್ನೂ ತಪ್ಪದೆ ತಂದುಕೊಟ್ಟಿತು. ಅಷ್ಟರಲ್ಲಿ ಕೆಳಗೆ ಮಕ್ಕಳ ಬಸ್ಸು ಬಂದು, ಗುಮ್ಮಟದ ತುಂಬ ಸೀಟಿ, ಕೇಕೆ. ನಾವು ಇಳಿದೆವು.

ಹೊರಗೆ ಟಾಂಗಾ ಮಾತಾಡಿದೆ. ಊರಲ್ಲಿ ಆಟೋ ಬೇಕಾದಷ್ಟಿವೆ. ಆದರೆ ವಿಜಯಪುರದಲ್ಲಿ ಟಾಂಗಾ ಇನ್ನೂ ಉಳಿದಿರುವಾಗ, ಅಕ್ಕನ ಜೊತೆ ಬಂದಿರುವಾಗ, ಬೇರೆ ಗಾಡಿ ಏಕೆ? ಅಪ್ಪನ ಜೊತೆ ಗದಗಿನ ಸ್ಟೇಷನ್ನಿನಿಂದ ಟಾಂಗಾದಲ್ಲಿ ಹೋಗುವಾಗ ಹಿಂದಿನ ಸೀಟಿಗಾಗಿ ನಾವಿಬ್ಬರೂ ಜಗಳಾಡುತ್ತಿದ್ದೆವು. "ಕುಂಡ್ರ್ರಿ ಅಕ್ಕಾರ, ಸಾವಕಾಶ ಹೋಗೂಣು" ಎಂದು ಗಾಡಿಯವರು ಕೈ ಕೊಟ್ಟು ಹತ್ತಿಸಿದರು. ಹಿಂದಿನ ಸೀಟು ಈ ಸಲ ಇಬ್ಬರದೂ ಆಯಿತು. ಕುದುರೆಯ ಗೆಜ್ಜೆಯ ಸಪ್ಪಳದಲ್ಲಿ ಊರು ನಮ್ಮಿಂದ ಹಿಂದೆ ಹಿಂದೆ ಸರಿಯಿತು.

ಜುಮ್ಮಾ ಮಸೀದಿಯ ಮುಂದೆ ಸ್ವಲ್ಪ ಹೊತ್ತು ನಿಂತೆವು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಲು ಹಿಡಿದ ಮಸೀದಿ. ಊರನ್ನು 1686ರಲ್ಲಿ ಗೆದ್ದ ಔರಂಗಜೇಬ ಅದರ ನೆಲಕ್ಕೆ 2,250 ಜನ ಕೂತು ನಮಾಜು ಮಾಡುವ ಗೆರೆ ಬರೆಸಿದ. ಬಾರಾ ಕಮಾನನ್ನು ದಾರಿಯಿಂದಲೇ ನೋಡಿದೆವು. ಎರಡನೆಯ ಅಲಿಯ ಗೋರಿ ಅದು. 1672ರಲ್ಲಿ ಅವನು ತೀರಿಕೊಂಡ ಮೇಲೂ ಕೆಲಸ ಮುಗಿಯಲಿಲ್ಲ, ಕರಿಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದುಕೊಂಡೇ ನಿಂತಿವೆ.

ನಾನು ಅಕ್ಕನಿಗೆ ಹೇಳಬೇಕೆಂದುಕೊಂಡು ಬಂದದ್ದು ಅಲಿಗಳ ಕಥೆಯಲ್ಲ, ಚಾಂದ್ ಬೀಬಿಯ ಕಥೆ. ಅವಳು ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು. ಒಂದನೆಯ ಅಲಿ ಆದಿಲ್‌ಶಾಹನಿಗೆ ಕೊಟ್ಟು ಮದುವೆ ಮಾಡಿದಾಗ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಎರಡೂ ರಾಜ್ಯಗಳು ಆ ಕೋಟೆಗಾಗಿ ಬಡಿದಾಡುತ್ತಿದ್ದವು. ಒಬ್ಬ ಹುಡುಗಿಯನ್ನು ಕೊಟ್ಟು, ಅವಳ ಜೊತೆ ಊರನ್ನೂ ಕೊಟ್ಟು ಕೈ ಕುಲುಕಿದರು. ಅಕ್ಕ ಇದನ್ನು ಕೇಳಿ ನೆಟ್ಟಗೆ ಕೂತಳು. ದಿನಾ ಸಿದ್ಧೇಶ್ವರ ಗುಡಿಗೆ ಹೋಗುವಾಗ ಪಕ್ಕದಲ್ಲೇ ಆ ಕೋಟೆಯ ಗೋಡೆ ನೋಡುತ್ತಾಳೆ ಅವಳು. "ಆಮ್ಯಾಲೆ ಏನಾತು ಆಕೀದು?" ಅಂದಳು.

ಆಮೇಲಿನದೇ ದೊಡ್ಡ ಕಥೆ. 1580ರಲ್ಲಿ ಗಂಡ ಸತ್ತ. ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದ ಇಬ್ರಾಹಿಂ ಒಂಬತ್ತು ವರ್ಷದ ಹುಡುಗ. ಅವನನ್ನು ಸಾಕಿ, ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಚಾಂದ್ ಬೀಬಿ. ದರಬಾರಿನ ಒಳಜಗಳದಲ್ಲಿ ಸೆರೆವಾಸವನ್ನೂ ಕಂಡಳು. ಹುಡುಗ ದೊಡ್ಡವನಾದ ಮೇಲಿನ ಮಾತು, ಅಕ್ಬರನ ಮಗ ಮುರಾದ ದೊಡ್ಡ ದಂಡು ಕಟ್ಟಿಕೊಂಡು ಅಹಮದನಗರಕ್ಕೆ ಮುತ್ತಿಗೆ ಹಾಕಿದ. ತಂದೆ ಇಲ್ಲ, ಅಣ್ಣತಮ್ಮಂದಿರೂ ಉಳಿದಿರಲಿಲ್ಲ. ಆದರೂ ತವರಿನ ಕೋಟೆಯೊಳಗೆ ನಿಂತು 1595-96ರ ಆ ಮುತ್ತಿಗೆಯಲ್ಲಿ ಅದನ್ನು ಉಳಿಸಿಕೊಟ್ಟಳು. ನಾಲ್ಕೈದು ವರ್ಷದಲ್ಲಿ ಮತ್ತೆ ಮೊಗಲರು ಬಂದಾಗ ತವರಿನ ಜನರ ಕೈಯಲ್ಲೇ ಸತ್ತಳು. ನಾನು ಸುಮ್ಮನಾದೆ. ಅಕ್ಕ ಬಹಳ ಹೊತ್ತು ರಸ್ತೆ ನೋಡುತ್ತಿದ್ದು, "ಕೊಟ್ಟ ಮನೀನೂ ಕಾಯ್ದಳು, ಹುಟ್ಟಿದ ಮನೀನೂ ಕಾಯ್ದಳು" ಅಂದಳು.

ಕೋಟೆಯ ಪಶ್ಚಿಮದ ಗೋಡೆಯ ಮೇಲೆ, ಶೆರ್ಜಾ ಬುರುಜಿನಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. ಇದೂ ಅಹಮದನಗರದ್ದೇ. 1549ರಲ್ಲಿ ಅಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಪರಾಂಡಾ ಕೋಟೆಯಲ್ಲಿದ್ದು, 1632ರಲ್ಲಿ ಇಲ್ಲಿಗೆ ಬಂತು. ತೂಕ ಸುಮಾರು 55 ಟನ್. ಅಂಥದ್ದನ್ನು ಎತ್ತು, ಆನೆ, ಜನ ಕೂಡಿ ಆ ಕಾಲದ ಹಾದಿಯಲ್ಲಿ ಎಳೆದು ತಂದದ್ದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. ತೋಪಿನ ಬಾಯಿ ಸಿಂಹದ ಬಾಯಿ. ಹತ್ತಿರ ಹೋಗಿ ನೋಡಿದರೆ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಬಿಸಿಲು ಚುರುಗುಟ್ಟುತ್ತಿದ್ದರೂ ಲೋಹ ತಣ್ಣಗಿತ್ತು. ಅಕ್ಕ ಬಳೆಯ ಕೈಯಿಂದ ಮೆಲ್ಲಗೆ ತಟ್ಟಿದಳು. ಒಳಗಿನಿಂದ ಸಣ್ಣ ಗುಂಯ್‌ನಾದ ಎದ್ದು ಬೆರಳಿಗೆ ಹತ್ತಿತು. 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಇದನ್ನು ಹರಾಜಿಗೆ ಇಟ್ಟಾಗ ಬಂದ ಮೇಲಿನ ಬೆಲೆ 150 ರೂಪಾಯಿ. ಅದೃಷ್ಟಕ್ಕೆ ಆ ಮಾರಾಟ ನಡೆಯಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಉಪ್ಪಲಿ ಬುರುಜಿನ 80 ಅಡಿ ಹತ್ತಲು ನಮ್ಮಿಬ್ಬರ ಕಾಲೂ ಒಪ್ಪಲಿಲ್ಲ, ಕೆಳಗಿನಿಂದಲೇ ನಮಸ್ಕಾರ ಮಾಡಿದೆವು.

ಇಬ್ರಾಹಿಂ ರೋಜಾ ಕೋಟೆಯ ಹೊರಗೆ, ಪಶ್ಚಿಮಕ್ಕಿದೆ. ಗೋಳಗುಮ್ಮಟ ನೋಡಿದವರು ಇದನ್ನು ನೋಡದೆ ಹೋಗಬಾರದು. ಅಲ್ಲಿ ಗಾತ್ರ, ಇಲ್ಲಿ ಕೈ. ಚಾಂದ್ ಬೀಬಿ ಸಾಕಿದ ಆ ಹುಡುಗ, ಎರಡನೆಯ ಇಬ್ರಾಹಿಂ ಆದಿಲ್‌ಶಾಹ, ದೊಡ್ಡವನಾಗಿ ಸಂಗೀತಗಾರನಾದ. ದಖನಿಯಲ್ಲಿ ಕಿತಾಬ್-ಎ-ನವರಸ್ ಬರೆದ, ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ, ಜನ ಜಗದ್ಗುರು ಬಾದಶಾಹ ಎಂದು ಕರೆದರು. ಹೆಂಡತಿ ತಾಜ್ ಸುಲ್ತಾನಾಳಿಗಾಗಿ ಮಲಿಕ್ ಸಂದಲ್ ಕಟ್ಟಿದ ಈ ಗೋರಿಯಲ್ಲಿ 1627ರಲ್ಲಿ ಅವನನ್ನೂ ಮಣ್ಣು ಮಾಡಿದರು. ಒಂದೇ ಜಗಲಿಯ ಮೇಲೆ ಈ ಕಡೆ ಗೋರಿ, ಆ ಕಡೆ ಮಸೀದಿ, ನಡುವೆ ನೀರಿನ ಹೊಂಡ. ಗೋರಿಯ ಕಿಟಕಿಗಳನ್ನು ಬಿಡಿಸಿ ನೋಡಬೇಕು. ಜಾಲಂದ್ರವೆಂದು ಕಾಣುವುದು ಬರೀ ಜಾಲಂದ್ರವಲ್ಲ. ಕಲ್ಲನ್ನು ಕೊರೆದು ಅರಬ್ಬಿ ಅಕ್ಷರಗಳನ್ನೇ ಒಂದಕ್ಕೊಂದು ಸೇರಿಸಿ ಬಿಟ್ಟಿದ್ದಾರೆ, ಅಕ್ಷರದ ಸಂದಿನಿಂದ ಒಳಗೆ ಬೆಳಕು ಬೀಳುತ್ತದೆ. ಅಕ್ಕನ ಸೆರಗಿನ ಮೇಲೂ ಆ ಅಕ್ಷರಗಳು ಬಿದ್ದವು.

ಒಳಗೆ ಇಬ್ರಾಹಿಮನ ಜೊತೆ ಅವನ ತಾಯಿ, ಹೆಂಡತಿ, ಮಕ್ಕಳು ಸಾಲಾಗಿ ಮಲಗಿದ್ದಾರೆ. ಅಕ್ಕ ಒಂದೊಂದಾಗಿ ಯಾರು ಯಾರು ಎಂದು ಕೇಳಿಕೊಂಡು, ಕಡೆಗೆ "ಈತಗ ಅಕ್ಕ ತಂಗಿ ಇರಲಿಲ್ಲೇನು?" ಅಂದಳು. ಇದ್ದಳು. ಅವನ ಸೋದರಿಯನ್ನು ಅಹಮದನಗರದ ರಾಜಕುಮಾರನಿಗೆ ಕೊಟ್ಟಿದ್ದರು. ಬಿಜಾಪುರದ ಗೋರಿಗಳನ್ನು ಎಷ್ಟೋ ಜನ ನೋಡಿ ಬರೆದಿದ್ದಾರೆ; ಆ ಸಾಲಿನಲ್ಲಿ ಒಬ್ಬ ಅಕ್ಕನಿಗೋ ತಂಗಿಗೋ ಜಾಗವಿಲ್ಲ ಎನ್ನುವುದನ್ನು ನಾನು ಎಲ್ಲಿಯೂ ಓದಿದ ನೆನಪಿಲ್ಲ. ಹೆಂಡತಿಗೆ ಕಟ್ಟಿದ್ದಾರೆ, ತಮಗೆ ಕಟ್ಟಿಸಿಕೊಂಡಿದ್ದಾರೆ, ಗುರುವಿಗೆ ಕಟ್ಟಿದ್ದಾರೆ. ಇದೇ ಊರಿನ ಜೋಡ ಗುಮ್ಮಟಗಳಿಗೆ ಇಂಗ್ಲಿಷರು ಅಕ್ಕತಂಗಿಯರೆಂದು ಹೆಸರಿಟ್ಟು ಹೋದರು, ಅಲ್ಲಿರುವುದೂ ಸೇನಾಪತಿ ಖಾನ್ ಮುಹಮ್ಮದ್, ಅವನ ಮಗ ಖವಾಸ್ ಖಾನ್, ಅವರ ಗುರು. ಒಡಹುಟ್ಟಿದವರದು ಕಲ್ಲಿನಲ್ಲಿ ನಿಲ್ಲುವ ನಂಟಲ್ಲ, ಹೋಗಿಬಂದು ಉಳಿಸಿಕೊಳ್ಳಬೇಕಾದ ನಂಟು. ಹೋಗಿಬರುವುದು ನಿಂತರೆ ಅದಕ್ಕೆ ಬೇರೆ ಆಧಾರವಿಲ್ಲ. ರೋಜಾದ ನೆರಳಿನಲ್ಲಿ ನನಗೆ ಇದು ಖಚಿತವಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ತೋಟದ ಬೇವಿನ ಬುಡದಲ್ಲಿ ಕೂತು ರೊಟ್ಟಿ ಬಿಚ್ಚಿದೆವು. ಹೊರಗಿನಿಂದ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ತಂದೆ. ಕಡಕ್ ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವಾಗ ಊರ ಮನೆಯ ಮಾತು ತಾನಾಗಿ ಬಂತು. ಕೊಳ್ಳುವವರು ಒಬ್ಬರು ಕೇಳುತ್ತಿದ್ದಾರೆ. ಅಕ್ಕನಿಗೆ ಇದನ್ನು ಹೇಗೆ ಹೇಳುವುದೆಂದು ಬಹಳ ದಿನದಿಂದ ನನ್ನ ಎದೆಯಲ್ಲಿ ಭಾರ ಇತ್ತು. ಫೋನಿನಲ್ಲಿ ಆ ಮಾತು ಎತ್ತಲು ಬಾಯಿಯೇ ಬರುತ್ತಿರಲಿಲ್ಲ. ಅವಳು ರೊಟ್ಟಿ ಮುರಿಯುತ್ತಲೇ, "ಮಾರಿಬಿಡೊ. ಇನ್ನೆರಡು ಮಳಿಗಾಲಕ್ಕ ಮಾಳಿಗಿ ಕುಂದ್ರತೈತಿ, ಆವಾಗ ಕಲ್ಲಿನ ರೊಕ್ಕಾನೂ ಬರೂದಿಲ್ಲ. ಅವ್ವನ ಬೀಸೂಕಲ್ಲು ಮಾತ್ರ ನನಗ ಇರಲಿ" ಅಂದಳು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೀಸುಕಲ್ಲು ಎಲ್ಲಿಡುತ್ತಿ ಎಂದರೆ, ಗ್ಯಾಲರಿಯಲ್ಲಿ ತುಳಸಿ ಕುಂಡದ ಪಕ್ಕ ಜಾಗ ಕೂಡ ನೋಡಿಟ್ಟಿದ್ದಾಳೆ. ನಾನು ಮಾರುವ ಮಾತು ಎತ್ತುವ ಎಷ್ಟೋ ಮೊದಲೇ ಅವಳು ಅದನ್ನು ಯೋಚಿಸಿ ಮುಗಿಸಿದ್ದಳು. ನನಗೆ ನೋವಾಗಬಾರದೆಂದು ಅವಳೂ ಫೋನಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಎರಡು ರೊಟ್ಟಿ ಮುಗಿಯುವುದರೊಳಗೆ ಯಾರಿಗೆ ಏನು, ಕಾಗದ ಯಾರು ನೋಡಬೇಕು, ಅಪ್ಪನ ಪುಸ್ತಕಗಳನ್ನು ಊರ ಶಾಲೆಗೆ ಕೊಡುವುದೋ ಹೇಗೆ ಎಲ್ಲ ತೀರ್ಮಾನವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ತಾಜ್ ಬಾವಡಿಗೆ ಹೋದೆವು. ತಾಜ್ ಸುಲ್ತಾನಾಳ ಗೌರವಕ್ಕೆಂದೇ 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಬಾವಿ. ಬಾವಿ ಎಂದರೆ ಸಾಲದು, ಕೆರೆಯಷ್ಟಿದೆ. ಒಂದು ಬದಿಯೇ ಇನ್ನೂರು ಅಡಿಗೆ ಮಿಕ್ಕಿದೆ. ಎತ್ತರದ ಕಮಾನಿನ ಕೆಳಗೆ ಹಾಯ್ದು ಮೆಟ್ಟಿಲಿಳಿದರೆ ನೀರು. ಪಕ್ಕಗಳಲ್ಲಿ ದಾರಿಹೋಕರು ಇಳಿದುಕೊಳ್ಳಲು ಕೋಣೆಗಳಿದ್ದವು. ಆದಿಲ್‌ಶಾಹಿಗಳು ಬರೀ ಗೋರಿ ಕಟ್ಟಿದವರಲ್ಲ. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಕೊಳವೆ ಎಳೆದರು. ನಡುನಡುವೆ ನೀರಿನ ಒತ್ತಡ ತಡೆಯಲು ಗಂಜ್ ಎನ್ನುವ ಗೋಪುರಗಳನ್ನು ನಿಲ್ಲಿಸಿದರು. ಮಳೆ ಕಡಿಮೆಯ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಈ ನೀರಿನಿಂದ. ಪ್ರವಾಸಿಗರಿಗೆ ಗುಮ್ಮಟ ತೋರಿಸಿದಷ್ಟೇ ಪ್ರೀತಿಯಿಂದ ಈ ಬಾವಡಿಗಳನ್ನೂ ತೋರಿಸಬೇಕು. ಹಲವು ಕಾಲ ಕಸ ತುಂಬಿಕೊಂಡಿದ್ದ ಇದರ ಹೂಳೆತ್ತಿದ್ದಾರೆ. ಅದು ಹಾಗೇ ಉಳಿಯಬೇಕು.

ಅಕ್ಕ ಈ ಇಡೀ ಊರಿನಲ್ಲಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ನಮ್ಮೂರ ಹಳ್ಳದಲ್ಲಿ ವರತಿ ತೋಡಿ, ಬಟ್ಟಲಿಂದ ನೀರು ಮೊಗೆದು ಕೊಡ ತುಂಬಿ ತಂದವಳು ಅವಳು. ನಾನು ಸಣ್ಣವನು, ಅವಳ ಹಿಂದೆ ತಂಬಿಗೆ ಹಿಡಿದು ಓಡುತ್ತಿದ್ದೆ. "ಒಂದು ಹೆಣಮಗಳ ಹೆಸರಿಲೆ ಬಾವಿ ಕಟ್ಟಿಸಿದರ ಹಿಂಗ ಕಟ್ಟಿಸಬೇಕು. ಆ ಗೋರಿಗಿಂತ ನನಗ ಇದು ಛಲೋ ಅನಸ್ತು" ಅಂದಳು. ನನಗೂ ಹಾಗೇ ಅನಿಸಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಗಾಡಿ ಹಚ್ಚಿದ್ದರು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಕಿಟಕಿಯ ಸೀಟು ಹಿಡಿದು, ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಹೊರಗೆ ನಿಂತು, "ಮನಿ ಅಂತೂ ಮಾರಿದಂಗ ಆತು. ಈ ಪಂಚಮಿಗೆ ನಿನ್ನ ಎಲ್ಲಿ ಕರೀಲಿ?" ಎಂದು ಕೇಳಿದೆ. ಅವಳು ಅರೆಕ್ಷಣವೂ ತಡಮಾಡಲಿಲ್ಲ.

"ಬಾದಾಮಿಗೆ ಕರಿ. ಶ್ರಾವಣದಾಗ ಅಗಸ್ತ್ಯ ತೀರ್ಥ ತುಂಬಿರತೈತಿ, ಬನಶಂಕರಿಗೂ ಹೋಗಿ ಬರೂಣು."

"ಜೋಕಾಲಿ?"

"ಗಿಡ ಇರತಾವಲ್ಲ. ಹಗ್ಗ ನೀ ತಾ, ಉಂಡಿ ನಾ ತರ್ತೀನಿ."